ಮರುಲಸಿಕೆಯ ಚರಿತ್ರೆ: ಕಾಳಗಿ ಸೀಮೆಯನ್ನು ಮುಂದಿಟ್ಟುಕೊಂಡು ಒಂದು ವಿವೇಚನೆ

೧. ಪೀಠಿಕೆ

ಲಸಿಕೆಯ ಚರಿತ್ರೆಯನ್ನು ಬರೆದವರೆಲ್ಲ ಸಾಮಾನ್ಯವಾಗಿ ಮೊದಲನೆಯ ಚುಚ್ಚುಮದ್ದಿನ ಚರಿತ್ರೆಯನ್ನೇ ಬರೆದಿರುತ್ತಾರೆ. ಯಾರು ಕಂಡುಹಿಡಿದರು, ಯಾವ ಹಡಗಿನಲ್ಲಿ ಅದು ಭರತಖಂಡಕ್ಕೆ ಬಂದಿತು, ಯಾವ ಅರಸು ಅದಕ್ಕೆ ಆಶ್ರಯವಿತ್ತನು, ಜನರು ಹೇಗೆ ವಿರೋಧಿಸಿದರು ಎಂಬ ಸಂಗತಿಗಳು ಅಲ್ಲಿ ವಿಸ್ತಾರವಾಗಿ ದೊರೆಯುತ್ತವೆ. ಆದರೆ ಒಮ್ಮೆ ಪಡೆದ ರಕ್ಷಣೆಯು ಕಾಲಕ್ರಮದಲ್ಲಿ ಕ್ಷೀಣಿಸಿದಾಗ ಬೆಳೆದ ಮನುಷ್ಯನು ಮತ್ತೆ ಪಡೆಯಬೇಕಾದ ಲಸಿಕೆಯ ಚರಿತ್ರೆ, ಅಂದರೆ ಮರುಲಸಿಕೆಯ ಚರಿತ್ರೆ, ಬಹುಮಟ್ಟಿಗೆ ಅಲಕ್ಷಿತವಾಗಿಯೇ ಉಳಿದಿದೆ. ಈ ಅಲಕ್ಷ್ಯವು ಗ್ರಂಥಗಳಲ್ಲಿ ಮಾತ್ರ ಕಾಣುವುದಲ್ಲ; ನಮ್ಮ ಜನಜೀವನದಲ್ಲಿಯೂ ಕಾಣುತ್ತದೆ. ಮಗುವಿಗೆ ಲಸಿಕೆ ಹಾಕಿಸಬೇಕೆಂಬುದು ಇಂದು ಹಳ್ಳಿಹಳ್ಳಿಗೂ ತಿಳಿದಿರುವ ವಿಷಯ. ಐವತ್ತು ವರ್ಷದ ರೈತನಿಗೂ ಲಸಿಕೆಯುಂಟೆಂಬುದು ವಿದ್ಯಾವಂತರಲ್ಲಿಯೂ ಅನೇಕರಿಗೆ ತಿಳಿಯದ ವಿಷಯ.

ಪ್ರಕೃತ ಲೇಖನದಲ್ಲಿ ಈ ವಿಚಾರವನ್ನು ಕಾಳಗಿ ಸೀಮೆಯನ್ನು ಮುಂದಿಟ್ಟುಕೊಂಡು ವಿವೇಚಿಸಲು ಉದ್ದೇಶಿಸಿದ್ದೇವೆ. ಹಿಂದೆ ಚಿತ್ತಾಪುರ ತಾಲ್ಲೂಕಿಗೆ ಸೇರಿದ್ದು ಈಗ ಕಲಬುರಗಿ ಜಿಲ್ಲೆಯ ಒಂದು ತಾಲ್ಲೂಕಿನ ಕೇಂದ್ರವಾಗಿರುವ ಕಾಳಗಿ, ಅದರ ಸುತ್ತಲಿನ ಸೇಡಂ, ಚಿಂಚೋಳಿ, ಚಿತ್ತಾಪುರ, ವಾಡಿ, ಶಹಾಬಾದ್ ಇವುಗಳನ್ನು ಒಟ್ಟಾಗಿ ನಾವು ಕಾಳಗಿ ಸೀಮೆಯೆಂದು ಕರೆದಿದ್ದೇವೆ. ತೊಗರಿ ಮತ್ತು ಜೋಳದ ಹೊಲಗಳು, ಸುಣ್ಣಕಲ್ಲಿನ ಗಣಿಗಳು, ಸಿಮೆಂಟಿನ ಕಾರ್ಖಾನೆಗಳು, ತಾಂಡಾಗಳು, ಮುಂಬಯಿ ಪುಣೆ ಹೈದರಾಬಾದುಗಳಿಗೆ ದುಡಿಮೆಗಾಗಿ ಹೋಗಿಬರುವ ಕುಟುಂಬಗಳು, ಇವೆಲ್ಲವೂ ಕೂಡಿರುವ ಈ ಪ್ರದೇಶವು ನಮ್ಮ ಪ್ರಶ್ನೆಗೆ ತಕ್ಕ ಒರೆಗಲ್ಲಾಗಿದೆ. ಈ ಸೀಮೆಯ ಸ್ಥಿತಿಯನ್ನು ಅರಿಯಬೇಕಾದರೆ ಮೊದಲು ಮೈಸೂರು ಮತ್ತು ಹುಬ್ಬಳ್ಳಿಗಳಲ್ಲಿ ನಡೆದುದನ್ನು ನೋಡುವುದು ಅವಶ್ಯ. ಏಕೆಂದರೆ ಏಕೀಕರಣಕ್ಕೆ ಮೊದಲು ಕನ್ನಡ ನಾಡು ಬೇರೆಬೇರೆ ಆಡಳಿತಗಳಲ್ಲಿ ಹಂಚಿಹೋಗಿದ್ದು, ಲಸಿಕೆಯೂ ಬೇರೆಬೇರೆ ದಾರಿಗಳಿಂದ ಇಲ್ಲಿಗೆ ಬಂದಿತು.

೨. ಶಾಶ್ವತ ರಕ್ಷಣೆಯೆಂಬ ನಂಬಿಕೆ

೧೭೯೬ರಲ್ಲಿ ಇಂಗ್ಲೆಂಡಿನ ವೈದ್ಯ ಎಡ್ವರ್ಡ್ ಜೆನ್ನರನು ಗೋಸಿಡುಬಿನ ರಸವನ್ನು ಬಾಲಕನೊಬ್ಬನ ತೋಳಿನಲ್ಲಿ ಸೇರಿಸಿ, ಅದು ಸಿಡುಬಿನಿಂದ ರಕ್ಷಿಸಬಲ್ಲುದೆಂದು ತೋರಿಸಿದನು. ಆರು ವರ್ಷಗಳ ತರುವಾಯ, ೧೮೦೨ರ ಜೂನ್ ತಿಂಗಳಲ್ಲಿ, ಬಾಗ್ದಾದ್ ಮತ್ತು ಬಸ್ರಾಗಳ ಮಾರ್ಗವಾಗಿ ಆ ರಸವು ಮುಂಬಯಿಯನ್ನು ಮುಟ್ಟಿತು. ಅಲ್ಲಿ ಅನ್ನಾ ಡಸ್ಟ್‌ಹಾಲ್ ಎಂಬ ಮೂರು ವರ್ಷದ ಹುಡುಗಿಗೆ ಹಾಕಿದ ದಾಕೇ ಭರತಖಂಡದ ಮೊದಲ ದಾಕು. ಶೀತಲ ಪೆಟ್ಟಿಗೆಗಳಿಲ್ಲದ ಆ ಕಾಲದಲ್ಲಿ ರಸವನ್ನು ಕಾಪಾಡುವ ವಿಧಾನ ತೋಳಿನಿಂದ ತೋಳಿಗೆ ದಾಟಿಸುವುದಾಗಿದ್ದಿತು. ದಾಕು ಹಾಕಿಸಿಕೊಂಡ ಮಗುವಿನ ತೋಳಿನ ಗುಳ್ಳೆಯು ಸುಮಾರು ಎಂಟನೆಯ ದಿನಕ್ಕೆ ಪಕ್ವವಾದಾಗ ಅದರ ರಸವನ್ನು ತೆಗೆದು ಮತ್ತೊಬ್ಬರ ತೋಳಿಗೆ ಹಾಕುತ್ತಿದ್ದರು.

ಮೈಸೂರಿನಲ್ಲಿ ಆಗ ಬಾಲಕನಾದ ಮುಮ್ಮಡಿ ಕೃಷ್ಣರಾಜ ಒಡೆಯರ ಹೆಸರಿನಲ್ಲಿ ದಿವಾನ್ ಪೂರ್ಣಯ್ಯನು ಆಡಳಿತ ನಡೆಸುತ್ತಿದ್ದನು. ೧೮೦೫ರ ಸುಮಾರಿಗೆ ಅರಮನೆಯ ಮೂವರು ಸ್ತ್ರೀಯರನ್ನು ಚಿತ್ರಿಸಿದ ಒಂದು ತೈಲಚಿತ್ರವಿದೆ. ಅದನ್ನು ಥಾಮಸ್ ಹಿಕಿಯೆಂಬ ಚಿತ್ರಕಾರನದೆಂದು ಭಾವಿಸಲಾಗಿದೆ. ಚಿತ್ರದ ಬಲಬದಿಯಲ್ಲಿರುವ ಕಿರಿಯ ರಾಣಿಯು ತನ್ನ ಸೆರಗನ್ನು ತುಸು ಸರಿಸಿ ತೋಳಿನೆಡೆಗೆ ಕೈ ತೋರಿಸುತ್ತಾಳೆ. ಆಕೆ ರಾಣಿ ದೇವಾಜಮ್ಮಣ್ಣಿಯೆಂದೂ, ಆ ಸಂಜ್ಞೆ ದಾಕು ಹಾಕಿಸಿಕೊಂಡುದರ ಸೂಚನೆಯೆಂದೂ ಇತಿಹಾಸಕಾರ ನೈಜೆಲ್ ಚಾನ್ಸೆಲರ್ ೨೦೦೧ರಲ್ಲಿ ಪ್ರಕಟಿಸಿದ ಲೇಖನವೊಂದರಲ್ಲಿ ವಾದಿಸಿದರು. ಈ ವಾದವನ್ನು ಒಪ್ಪಿದರೆ, ಅರಮನೆಯ ತೋಳಿನ ಗುರುತು ಪ್ರಜೆಗಳಿಗೆ ಮಾದರಿಯಾಗಲೆಂಬ ಉದ್ದೇಶ ಅದರ ಹಿಂದೆ ಇದ್ದಿತೆನ್ನಬೇಕಾಗುತ್ತದೆ. ನಮ್ಮ ವಿಷಯಕ್ಕೆ ಇದರಿಂದ ದೊರೆಯುವ ಅಂಶ ಬೇರೊಂದು. ಮೊದಲ ದಾಕಿಗೆ ಅರಮನೆಯೂ ಚಿತ್ರಕಾರನೂ ಸಾಕ್ಷಿಗಳಾಗಿ ಒದಗಿದರು. ಮರುದಾಕಿಗೆ ಅಂತಹ ಚಿತ್ರ ಯಾವುದೂ ನಮಗೆ ಪರಿಚಿತವಲ್ಲ.

ಅದಕ್ಕೆ ಕಾರಣವೂ ಉಂಟು. ಒಮ್ಮೆ ದಾಕು ಹಾಕಿಸಿಕೊಂಡವನಿಗೆ ಜೀವಮಾನವಿಡೀ ರಕ್ಷಣೆಯೆಂದು ಜೆನ್ನರನೇ ನಂಬಿದ್ದನು. ೧೮೨೦ರ ತರುವಾಯ ಯೂರೋಪಿನಲ್ಲಿ, ಬಾಲ್ಯದಲ್ಲಿ ದಾಕು ಹಾಕಿಸಿಕೊಂಡಿದ್ದವರಿಗೆ ಯೌವನದಲ್ಲಿ ಸಿಡುಬು ತಗಲತೊಡಗಿದಾಗ ಈ ನಂಬಿಕೆ ಅಲುಗಿತು. ೧೮೨೯ರಲ್ಲಿ ವುರ್ಟೆಂಬರ್ಗ್ ರಾಜ್ಯವು ತನ್ನ ಸೈನಿಕರಿಗೆ ಮರುದಾಕು ಹಾಕಿಸಲು ತೊಡಗಿತು. ಕೆಲವು ವರ್ಷಗಳಲ್ಲಿ ಪ್ರಷ್ಯವೂ ಅದನ್ನೇ ಅನುಸರಿಸಿತು. ೧೮೭೦-೭೧ರ ಯುದ್ಧದಲ್ಲಿ ಮರುದಾಕು ಪಡೆದಿದ್ದ ಜರ್ಮನ್ ಸೈನ್ಯವು ಸಿಡುಬಿನಿಂದ ಅಲ್ಪ ಹಾನಿಯನ್ನೂ, ಫ್ರೆಂಚ್ ಸೈನ್ಯವು ಮಹಾ ಹಾನಿಯನ್ನೂ ಅನುಭವಿಸಿದವು. ೧೮೭೪ರಲ್ಲಿ ಜರ್ಮನಿಯು ಶಿಶುವಿಗೊಮ್ಮೆ, ಹನ್ನೆರಡನೆಯ ವಯಸ್ಸಿನಲ್ಲಿ ಮತ್ತೊಮ್ಮೆ ದಾಕು ಹಾಕಿಸಲೇಬೇಕೆಂದು ಶಾಸನ ಮಾಡಿತು. ಇಲ್ಲಿ ಗಮನಿಸತಕ್ಕ ಸಂಗತಿಯೆಂದರೆ, ಮರುಲಸಿಕೆಯು ಮೊದಲು ನೆಲೆಗೊಂಡದ್ದು ಸೈನ್ಯದಲ್ಲಿ, ಅನಂತರ ಶಾಲೆಯಲ್ಲಿ. ಇವೆರಡೂ ಜನರ ಹೆಸರುಗಳನ್ನು ಪಟ್ಟಿಯಲ್ಲಿ ಬರೆದಿಟ್ಟು ನಿತ್ಯವೂ ಕೂಗಿ ಕರೆಯುವ ಸಂಸ್ಥೆಗಳು. ಭರತಖಂಡದ ೧೮೮೦ರ ದಾಕು ಕಾಯಿದೆಯ ದೃಷ್ಟಿಯಾದರೋ ಮಗುವಿನ ಮೇಲೆಯೇ ನೆಟ್ಟಿತ್ತು. ಪಟ್ಟಿಯಲ್ಲಿಲ್ಲದ ವಯಸ್ಕ ಹಳ್ಳಿಗನನ್ನು ಕೂಗಿ ಕರೆಯುವವರು ಯಾರೂ ಇರಲಿಲ್ಲ.

೩. ಹುಬ್ಬಳ್ಳಿ, ೧೮೯೮

ವಯಸ್ಕರು ಸಾವಿರಗಟ್ಟಲೆ ಸಂಖ್ಯೆಯಲ್ಲಿ ಒಂದಕ್ಕಿಂತ ಹೆಚ್ಚು ಬಾರಿ ಚುಚ್ಚಿಸಿಕೊಂಡ ಮೊದಲ ಪ್ರಸಂಗ ಕನ್ನಡ ನಾಡಿನಲ್ಲಿ ನಮಗೆ ಕಾಣುವುದು ಹುಬ್ಬಳ್ಳಿಯಲ್ಲಿ. ೧೮೯೬ರಲ್ಲಿ ಮುಂಬಯಿಯಲ್ಲಿ ತಲೆದೋರಿದ ಪ್ಲೇಗು ರೈಲುದಾರಿಯನ್ನು ಹಿಡಿದು ಒಳನಾಡಿಗೆ ಹಬ್ಬಿತು. ೧೮೯೭ರ ಜನವರಿಯಲ್ಲಿ ವಾಲ್ಡೆಮರ್ ಹಾಫ್‌ಕಿನ್ ತಾನು ತಯಾರಿಸಿದ ಪ್ಲೇಗಿನ ಲಸಿಕೆಯನ್ನು ಮೊದಲು ತನ್ನ ಮೈಗೇ ಚುಚ್ಚಿಕೊಂಡು ಪರೀಕ್ಷಿಸಿದ್ದನು. ೧೮೯೮ರ ಬೇಸಗೆ ಮತ್ತು ಮಳೆಗಾಲಗಳಲ್ಲಿ, ರೈಲ್ವೆ ಕಾರ್ಯಾಗಾರವೂ ಹತ್ತಿಯ ವ್ಯಾಪಾರವೂ ಇದ್ದ ಹುಬ್ಬಳ್ಳಿಯಲ್ಲಿ ಕ್ಯಾಪ್ಟನ್ ಲ್ಯೂಮನ್ ಎಂಬ ವೈದ್ಯಾಧಿಕಾರಿಯ ನೇತೃತ್ವದಲ್ಲಿ ಊರಿನ ಬಹುಪಾಲು ಜನರಿಗೆ ಈ ಚುಚ್ಚುಮದ್ದನ್ನು ಹಾಕಲಾಯಿತು. ಧಾರವಾಡದಲ್ಲಿ ಮಿಸ್ ಕಾರ್ಥಾರ್ನ್ ಎಂಬ ವೈದ್ಯೆ ಇದೇ ಕಾರ್ಯದಲ್ಲಿ ತೊಡಗಿದ್ದಳು.

ಹುಬ್ಬಳ್ಳಿಯ ಪ್ರಸಂಗದಲ್ಲಿ ಎರಡು ವಿಶೇಷಗಳಿವೆ. ಮೊದಲನೆಯದಾಗಿ, ಅಲ್ಲಿ ಅನೇಕರು ಎರಡು ಬಾರಿ ಚುಚ್ಚಿಸಿಕೊಂಡರು. ಚುಚ್ಚಿಸಿಕೊಳ್ಳದವರು, ಒಮ್ಮೆ ಚುಚ್ಚಿಸಿಕೊಂಡವರು, ಎರಡು ಬಾರಿ ಚುಚ್ಚಿಸಿಕೊಂಡವರು ಎಂದು ವಿಭಾಗಿಸಿ ವಾರವಾರವೂ ಸಾವಿನ ಲೆಕ್ಕವನ್ನು ಬರೆದಿಡಲಾಯಿತು. ಎರಡನೆಯ ಚುಚ್ಚುಮದ್ದಿನ ಪ್ರಯೋಜನವು ಊಹೆಯಿಂದಲ್ಲದೆ ಲೆಕ್ಕದಿಂದ ತಿಳಿಯತಕ್ಕದ್ದೆಂಬ ಭಾವನೆಗೆ ಅದು ಒಂದು ಆರಂಭ. ಎರಡನೆಯದಾಗಿ, ಚುಚ್ಚಿಸಿಕೊಂಡವರಿಗೆ ಪ್ರಮಾಣಪತ್ರವನ್ನು ಕೊಡುವ ಪದ್ಧತಿ ಆ ಕಾಲದಲ್ಲಿ ಬೆಳೆಯಿತು. ಅದನ್ನು ಹೊಂದಿದವನು ಪ್ರಯಾಣಕಾಲದ ತಡೆ, ಪ್ರತ್ಯೇಕವಾಸ ಮುಂತಾದ ಕಟ್ಟುಪಾಡುಗಳಿಂದ ನಿಯತವಾದ ಅವಧಿಯವರೆಗೆ ವಿನಾಯಿತಿ ಪಡೆಯಬಹುದಾಗಿದ್ದಿತು. ೧೮೯೭ರ ಸಾಂಕ್ರಾಮಿಕ ರೋಗಗಳ ಕಾಯಿದೆಯ ಉಗ್ರ ಕ್ರಮಗಳಿಗೆ ಅಂಜಿದ ಜನರಿಗೆ ಈ ಕಾಗದವು ಒಂದು ಆಸರೆಯಾಗಿ ಕಂಡಿರಬೇಕು. ಅವಧಿ ಮುಗಿದೊಡನೆ ಬೆಲೆ ಕಳೆದುಕೊಳ್ಳುವ ಆ ಕಾಗದ ‘ಮತ್ತೆ ಬರತಕ್ಕದ್ದು’ ಎಂಬ ಮಾತನ್ನು ತನ್ನಲ್ಲಿಯೇ ಅಡಗಿಸಿಕೊಂಡಿದ್ದಿತು.

ಈ ವಿಶ್ವಾಸವು ಎಷ್ಟು ಸುಲಭವಾಗಿ ಒಡೆಯಬಲ್ಲುದೆಂಬುದನ್ನು ನಾಲ್ಕು ವರ್ಷಗಳ ತರುವಾಯ ಪಂಜಾಬಿನ ಮುಲ್ಕೋವಾಲ್ ಗ್ರಾಮ ತೋರಿಸಿತು. ೧೯೦೨ರಲ್ಲಿ ಅಲ್ಲಿ ಒಂದೇ ಸೀಸೆಯಿಂದ ಪ್ಲೇಗಿನ ಲಸಿಕೆ ಪಡೆದ ೧೯ ಜನರು ಧನುರ್ವಾಯುವಿನಿಂದ ಸತ್ತರು. ಹಾಫ್‌ಕಿನ್ ಅಧಿಕಾರದಿಂದ ದೂರನಾದನು. ೧೯೦೭ರ ವೇಳೆಗೆ ಆತ ನಿರ್ದೋಷಿಯೆಂದು ತೀರ್ಮಾನವಾಯಿತು. ಆದರೆ ಲಸಿಕೆಯ ಮೇಲೆ ಬಿದ್ದ ಕಳಂಕವು ತೀರ್ಮಾನದ ಕಾಗದದೊಡನೆ ಅಳಿಸಿಹೋಗುವಂತಹುದಾಗಿರಲಿಲ್ಲ.

೪. ಕಾಳಗಿ ಸೀಮೆ ನಿಜಾಮರ ಕಾಲದಲ್ಲಿ

ಹುಬ್ಬಳ್ಳಿಯು ಮುಂಬಯಿ ಪ್ರಾಂತದಲ್ಲಿಯೂ ಕಾಳಗಿ ಸೀಮೆಯು ಹೈದರಾಬಾದಿನ ನಿಜಾಮರ ರಾಜ್ಯದಲ್ಲಿಯೂ ಇದ್ದವು. ರೋಗಕ್ಕೆ ಈ ಗಡಿ ತಿಳಿಯದು. ಮುಂಬಯಿ ರಾಯಚೂರುಗಳನ್ನು ಕೂಡಿಸುವ ರೈಲುದಾರಿಯು ೧೮೭೧ರಲ್ಲಿ ಈ ಪ್ರದೇಶವನ್ನು ಹಾದುಹೋಯಿತು. ೧೮೭೪ರಲ್ಲಿ ವಾಡಿಯಿಂದ ಚಿತ್ತಾಪುರ, ಸೇಡಂಗಳ ಮೇಲಿಂದ ಸಿಕಂದರಾಬಾದಿಗೆ ನಿಜಾಮರ ರೈಲ್ವೆ ತೆರೆಯಿತು. ವಾಡಿಯು ಜಂಕ್ಷನ್ ಆದುದರಿಂದ ಮುಂಬಯಿ, ಮದರಾಸು, ಹೈದರಾಬಾದುಗಳ ಪ್ರಯಾಣಿಕರು ಇಲ್ಲಿ ಸಂಧಿಸುವಂತಾಯಿತು. ರೋಗವೂ ಔಷಧವೂ ಒಂದೇ ಗಾಡಿಯಲ್ಲಿ ಬರತಕ್ಕ ಸ್ಥಿತಿ ಇದರಿಂದ ಉಂಟಾಯಿತು. ಶಹಾಬಾದ್ ಮತ್ತು ವಾಡಿಗಳು ಈ ದಾರಿಯ ಮೇಲಿದ್ದವು. ಕಾಳಗಿಯು ದಾರಿಯಿಂದ ದೂರವುಳಿಯಿತು.

ಎರಡನೆಯ ತೊಡಕು ಆಡಳಿತದ್ದು. ಗುಲ್ಬರ್ಗ ಜಿಲ್ಲೆಯ ಬಹಳಷ್ಟು ಹಳ್ಳಿಗಳು ಪಾಯಗಾ ಮತ್ತು ಜಾಗೀರುಗಳಿಗೆ ಸೇರಿದ್ದವು. ಸರಕಾರದ ನೇರ ಆಡಳಿತವಿದ್ದ ಹಳ್ಳಿಯ ಪಕ್ಕದಲ್ಲಿಯೇ ಜಾಗೀರಿನ ಹಳ್ಳಿ ಇರುತ್ತಿದ್ದು, ಎಲ್ಲ ಮನೆಗಳನ್ನೂ ಒಂದೇ ಕಡತದಲ್ಲಿ ಹಿಡಿದಿಡುವ ವ್ಯವಸ್ಥೆ ಕಷ್ಟಸಾಧ್ಯವಾಗಿದ್ದಿತು. ೧೯೪೮ರ ಸೆಪ್ಟೆಂಬರಿನಲ್ಲಿ ಹೈದರಾಬಾದು ಭಾರತದಲ್ಲಿ ವಿಲೀನವಾಗಿ, ಮರುವರ್ಷ ಜಾಗೀರುಗಳು ರದ್ದಾಗುವವರೆಗೆ ಈ ಸ್ಥಿತಿ ಮುಂದುವರಿಯಿತು. ಮರುಲಸಿಕೆಯು ಕಡತವನ್ನು ಅವಲಂಬಿಸಿದ ಕಾರ್ಯವೆಂಬುದನ್ನು ಹಿಂದೆ ನೋಡಿದೆವು. ಕಡತವೇ ಹರಿದುಹಂಚಿಹೋಗಿರುವಲ್ಲಿ ಅದು ಬೇರೂರಲಾರದು.

ಭಾಷೆಯೂ ಈ ಹಂಚಿಕೆಯ ಗುರುತನ್ನು ಉಳಿಸಿಕೊಂಡಿದೆ. ಹಳೆಯ ಮೈಸೂರಿನಲ್ಲಿ ‘ದಾಕು ಹಾಕುವುದು’ ಎಂಬ ಮಾತು ರೂಢವಾಯಿತು. ಮುಂಬಯಿ ಪ್ರಾಂತದ ಮರಾಠಿಯಲ್ಲಿ ಲಸಿಕೆಯ ಕಾರ್ಯವನ್ನು ರೋಗದ ಅಧಿದೇವತೆಯ ಹೆಸರಿನಿಂದಲೇ ‘ದೇವಿ’ಯೆಂದು ಕರೆಯುತ್ತಿದ್ದರು, ಕನ್ನಡದಲ್ಲಿ ‘ದೇವಿ ಹಾಕಿಸುವುದು’ ಎಂಬ ಮಾತೂ ಬಳಕೆಯಲ್ಲಿದ್ದಿತು. ನಿಜಾಮರ ಆಡಳಿತದ ಉರ್ದುವಿನಲ್ಲಿ ಅದು ‘ಟೀಕಾ’ ಆಗಿದ್ದಿತು. ಹಳ್ಳಿಗರು ಸಿಡುಬನ್ನು ‘ಅಮ್ಮ’ನೆಂದರು, ‘ಮೈಲಿ ಬೇನೆ’ಯೆಂದರು; ದ್ಯಾಮವ್ವ ದುರ್ಗವ್ವರಿಗೆ ಹರಕೆ ಹೊತ್ತರು. ದೇವಿಯ ಜಾತ್ರೆ ಮರಳಿ ಮರಳಿ ಬರತಕ್ಕದ್ದು. ರಕ್ಷಣೆಯನ್ನು ಮತ್ತೆ ಮತ್ತೆ ಬೇಡಿಕೊಳ್ಳಬೇಕೆಂಬ ಭಾವನೆ ಹಳ್ಳಿಯ ಬಾಳಿಗೆ ಹೊಸತಾಗಿರಲಿಲ್ಲವೆಂಬುದನ್ನು ಇದರಿಂದ ಊಹಿಸಬಹುದು. ಸರಕಾರದ ಟೀಕಾ ಮಾತ್ರ ಮಗುವಿಗೆ ಒಮ್ಮೆ ಬಂದು, ದೊಡ್ಡವನಾದಮೇಲೆ ಮರಳಿ ಬರಲಿಲ್ಲ.

೫. ತೋಳಿನ ಕಲೆ ಮತ್ತು ಲೆಕ್ಕದ ಪುಸ್ತಕ

೧೯೫೬ರ ನವೆಂಬರ್ ೧ರಂದು ಕಲಬುರಗಿಯ ಪ್ರದೇಶವು ವಿಶಾಲ ಮೈಸೂರು ರಾಜ್ಯದಲ್ಲಿ ಸೇರಿತು. ಆರು ವರ್ಷಗಳ ಮೇಲೆ, ೧೯೬೨ರಲ್ಲಿ, ಭಾರತ ಸರಕಾರವು ರಾಷ್ಟ್ರೀಯ ಸಿಡುಬು ನಿರ್ಮೂಲನ ಕಾರ್ಯಕ್ರಮವನ್ನು ಆರಂಭಿಸಿತು. ಮೂರು ವರ್ಷಗಳಲ್ಲಿ ಜನಸಂಖ್ಯೆಯ ಶೇಕಡಾ ೮೦ರಷ್ಟು ಜನರಿಗೆ ದಾಕು ಅಥವಾ ಮರುದಾಕು ಹಾಕುವುದು ಅದರ ಗುರಿ. ಲೆಕ್ಕದ ಪುಸ್ತಕಗಳಲ್ಲಿ ಈ ಗುರಿಯನ್ನು ಅನೇಕ ಕಡೆ ಮುಟ್ಟಿದಂತೆ ಕಂಡಿತು. ಆದರೂ ಸಿಡುಬು ನಿಲ್ಲಲಿಲ್ಲ. ಸುಲಭವಾಗಿ ಕೈಗೆ ಸಿಕ್ಕುವ ಶಾಲೆಯ ಮಕ್ಕಳಿಗೆ ಮತ್ತೆ ಮತ್ತೆ ದಾಕು ಹಾಕಲಾಗಿ, ಹಸುಗೂಸುಗಳೂ, ಹೊಲದಲ್ಲಿ ದುಡಿಯುವವರೂ, ಊರಿಂದೂರಿಗೆ ತಿರುಗುವ ಕೂಲಿಕಾರರೂ ಬಿಟ್ಟುಹೋಗಿದ್ದರು. ಪುಸ್ತಕವು ಹಾಕಿದ ದಾಕುಗಳನ್ನು ಎಣಿಸಿತು, ರಕ್ಷಣೆ ಪಡೆದ ಮನುಷ್ಯರನ್ನು ಎಣಿಸಲಿಲ್ಲ. ಮರುಲಸಿಕೆಯ ಚರಿತ್ರೆಯಲ್ಲಿ ಇದು ಬಹು ದೊಡ್ಡ ಪಾಠವೆಂದು ನಮ್ಮ ಅಭಿಪ್ರಾಯ.

೧೯೬೭ರ ಅನಂತರ ವಿಶ್ವ ಆರೋಗ್ಯ ಸಂಸ್ಥೆಯ ತೀವ್ರ ಕಾರ್ಯಕ್ರಮದೊಡನೆ ಕ್ರಮವು ಬದಲಾಯಿತು. ದ್ರವರೂಪದ ಲಸಿಕೆಯು ನಮ್ಮ ಬಿಸಿಲಿಗೆ ಬೇಗನೆ ಕೆಡುತ್ತಿದ್ದುದರಿಂದ, ಘನೀಕರಿಸಿ ಒಣಗಿಸಿದ ಲಸಿಕೆಯನ್ನು ಬಳಸತೊಡಗಿದರು. ಭಾರತದಲ್ಲಿ ಅದನ್ನು ತಯಾರಿಸಿದ ನಾಲ್ಕು ಕೇಂದ್ರಗಳಲ್ಲಿ ಬೆಳಗಾವಿಯೂ ಒಂದು, ಹೈದರಾಬಾದು ಮತ್ತೊಂದು. ಉಳಿದೆರಡು ಮದರಾಸಿನ ಗಿಂಡಿ ಮತ್ತು ಆಗ ಉತ್ತರಪ್ರದೇಶದಲ್ಲಿದ್ದ ಪಟವಾಡಾಂಗರ್. ಬೆಳಗಾವಿಯ ಜನರು ಇಂದಿಗೂ ‘ವ್ಯಾಕ್ಸಿನ್ ಡಿಪೋ’ ಎಂದು ಕರೆಯುವ ಸ್ಥಳದ ಹೆಸರಿನಲ್ಲಿ ಆ ಕಾಲದ ನೆನಪು ಉಳಿದಿದೆ. ನೋವುಂಟುಮಾಡುತ್ತಿದ್ದ ತಿರುಗುಸೂಜಿಯ ಬದಲು ಕವಲುಸೂಜಿ ಬಂದಿತು. ಎಲ್ಲಕ್ಕಿಂತ ಮುಖ್ಯವಾಗಿ, ರೋಗ ಕಂಡ ಮನೆಯನ್ನು ಹುಡುಕಿ, ಸುತ್ತಲಿನ ಮನೆಗಳವರೆಲ್ಲರಿಗೂ, ಹಳೆಯ ಕಲೆ ಇರಲಿ ಇಲ್ಲದಿರಲಿ, ಮತ್ತೆ ದಾಕು ಹಾಕುವ ಕ್ರಮ ಜಾರಿಗೆ ಬಂದಿತು. ಭಾರತದಲ್ಲಿ ತಲೆದೋರಿದ ಕೊನೆಯ ಸಿಡುಬು ೧೯೭೫ರ ಮೇ ತಿಂಗಳಿನದು. ೧೯೭೭ರಲ್ಲಿ ದೇಶವು ಸಿಡುಬಿನಿಂದ ಮುಕ್ತವೆಂದು ಪ್ರಮಾಣಿತವಾಯಿತು. ೧೯೮೦ರಲ್ಲಿ ಲೋಕವೇ ಮುಕ್ತವೆಂದು ಘೋಷಿತವಾಯಿತು.

ಸಿಡುಬಿನ ದಾಕಿಗೆ ಒಂದು ಅಪೂರ್ವ ಗುಣವಿದ್ದಿತು. ಅದು ತೋಳಿನ ಮೇಲೆ ಕಲೆಯನ್ನು ಬಿಡುತ್ತಿದ್ದಿತು. ಅಕ್ಷರ ಬಾರದವನ ಮೈಯೇ ಅವನ ದಾಖಲೆಯಾಗಿದ್ದು, ಅಂಗಿಯ ತೋಳನ್ನು ಮಡಿಸಿದರೆ ಸಾಕು, ದಾಕು ಹಾಕಿದೆಯೋ ಇಲ್ಲವೋ ತಿಳಿಯುತ್ತಿದ್ದಿತು. ಎಂದು ಹಾಕಿಸಿದ್ದೆಂಬುದನ್ನು ಮಾತ್ರ ಕಲೆಯು ಹೇಳುತ್ತಿರಲಿಲ್ಲ. ಆದಕಾರಣ ಕಲೆಯಿದ್ದವನು ತಾನು ಎಂದೆಂದಿಗೂ ಸುರಕ್ಷಿತನೆಂದೇ ಬಗೆದನು. ಜೆನ್ನರನ ಹಳೆಯ ನಂಬಿಕೆ ಹೀಗೆ ಜನರ ತೋಳಿನ ಮೇಲೆಯೇ ಉಳಿದುಬಂದಿತು.

೬. ಧನುರ್ವಾಯು: ನೆರೆಯವನು ಕಾಯಲಾರದ ರೋಗ

ಸಿಡುಬು ಹೋದಮೇಲೆ ವಯಸ್ಕರ ಮರುಲಸಿಕೆಯ ಪ್ರಶ್ನೆ ಮುಖ್ಯವಾಗಿ ಧನುರ್ವಾಯು ಮತ್ತು ಗಂಟಲುಮಾರಿಗಳನ್ನು ಕುರಿತು ಉಳಿಯಿತು. ಧನುರ್ವಾಯುವಿನ ಸ್ವರೂಪವು ಇತರ ರೋಗಗಳಿಂದ ಭಿನ್ನವಾದುದು. ಅದರ ಬೀಜಾಣುಗಳು ಮಣ್ಣಿನಲ್ಲಿಯೂ ಸಗಣಿಯಲ್ಲಿಯೂ ಇರುತ್ತವೆ. ಗಾಯದ ಮೂಲಕ ಮೈಯನ್ನು ಸೇರುತ್ತವೆ. ಮನುಷ್ಯನಿಂದ ಮನುಷ್ಯನಿಗೆ ಹರಡುವುದಿಲ್ಲ. ಹೀಗಾಗಿ ಊರಿನವರೆಲ್ಲ ಲಸಿಕೆ ಪಡೆದಿದ್ದರೂ ಪಡೆಯದ ಒಬ್ಬನಿಗೆ ಅದರಿಂದ ರಕ್ಷಣೆಯಿಲ್ಲ. ಒಮ್ಮೆ ಆ ರೋಗ ಬಂದು ಬದುಕಿ ಉಳಿದವನಿಗೂ ಅದರಿಂದ ಮುಂದಿನ ರಕ್ಷಣೆ ದೊರೆಯದು. ಬಾಲ್ಯದ ಲಸಿಕೆಯಿಂದ ರಕ್ತದಲ್ಲಿ ಹುಟ್ಟಿದ ಪ್ರತಿವಿಷಗಳು ವರ್ಷ ಕಳೆದಂತೆ ಕಡಮೆಯಾಗುತ್ತವೆ. ಮೈಯು ಆ ಪರಿಚಯವನ್ನು ಪೂರ್ತಿ ಮರೆಯುವುದಿಲ್ಲವಾದುದರಿಂದ, ಮರುಲಸಿಕೆ ಕೊಟ್ಟೊಡನೆ ಅವು ಮೊದಲಿಗಿಂತ ಬೇಗನೆಯೂ ಹೆಚ್ಚಾಗಿಯೂ ಹುಟ್ಟುತ್ತವೆ. ಹತ್ತು ವರ್ಷಗಳಿಗೊಮ್ಮೆ ವಯಸ್ಕರು ಇದನ್ನು ಪಡೆಯುವುದೊಳ್ಳಿತೆಂದು ವೈದ್ಯರು ಸಲಹೆ ಮಾಡುವುದು ಈ ಕಾರಣದಿಂದಲೇ.

ಈ ರೋಗಕ್ಕೆ ಕಾಳಗಿ ಸೀಮೆಯ ದುಡಿಮೆಯೆಲ್ಲವೂ ದಾರಿಯಾಗಿದೆ. ಶಹಾಬಾದಿನ ಕಲ್ಲನ್ನು ಹಾಸುಹಾಸಾಗಿ ಎಬ್ಬಿಸುವವರು ಹಾರೆ, ಉಳಿ, ಸುತ್ತಿಗೆಗಳನ್ನು ಹಿಡಿದು ಬರಿಗೈಯಲ್ಲಿ ಕೆಲಸ ಮಾಡುತ್ತಾರೆ. ತೊಗರಿ ಕಟಾವಾದ ಹೊಲದ ಕೂಳೆಗಳು ಬರಿಗಾಲಿಗೆ ಚುಚ್ಚುತ್ತವೆ. ದನಕರುಗಳೊಡನೆ ಒಂದೇ ಅಂಗಳದಲ್ಲಿ ಬಾಳು ಸಾಗುತ್ತದೆ. ಇಂತಹ ಸೀಮೆಯಲ್ಲಿ ಮರುಲಸಿಕೆ ಹೇಗೆ ನಡೆಯುತ್ತದೆಂದರೆ, ಗಾಯವಾದಾಗ ದವಾಖಾನೆಗೆ ಹೋಗಿ ‘ಟಿ.ಟಿ. ಇಂಜೆಕ್ಷನ್’ ಮಾಡಿಸಿಕೊಳ್ಳುವುದರಿಂದ. ಈ ರೂಢಿಯು ಒಳ್ಳೆಯದೇ, ಆದರೆ ಅಪೂರ್ಣವಾದುದು. ದೊಡ್ಡ ಗಾಯವಾದವನು ದವಾಖಾನೆಗೆ ಹೋಗುತ್ತಾನೆ. ಮುಳ್ಳು ಚುಚ್ಚಿದವನು ಅರಿಸಿನವನ್ನೋ ಸುಣ್ಣವನ್ನೋ ಹಚ್ಚಿ ಕೆಲಸಕ್ಕೆ ಹೋಗುತ್ತಾನೆ. ಧನುರ್ವಾಯುವಿಗೆ ಸಣ್ಣ ಗಾಯವೂ ಸಾಲುತ್ತದೆ.

ಇದರೊಡನೆ ಹೋಲಿಸಿ ನೋಡತಕ್ಕದ್ದು ತಾಯಂದಿರ ವಿಷಯ. ಗರ್ಭಿಣಿಯರಿಗೆ ಧನುರ್ವಾಯುವಿನ ಲಸಿಕೆ ಹಾಕುವ ಕಾರ್ಯವು ಹಲವು ದಶಕಗಳ ಕಾಲ ಪಟ್ಟುಹಿಡಿದು ನಡೆದುದರಿಂದ, ಮತ್ತು ಹೆರಿಗೆಗಳು ಆಸ್ಪತ್ರೆಗಳಲ್ಲಿ ಆಗತೊಡಗಿದುದರಿಂದ, ತಾಯಂದಿರ ಮತ್ತು ನವಜಾತ ಶಿಶುಗಳ ಧನುರ್ವಾಯುವು ಭಾರತದಲ್ಲಿ ನಿವಾರಣೆಯಾಯಿತೆಂದು ೨೦೧೫ರಲ್ಲಿ ಮಾನ್ಯವಾಯಿತು. ಊರಿನ ಆರೋಗ್ಯ ಸಹಾಯಕಿಯೂ, ೨೦೦೫ರ ಅನಂತರ ಆಶಾ ಕಾರ್ಯಕರ್ತೆಯೂ ಮನೆಗೆ ಬಂದು ಹೆಸರು ಹಿಡಿದು ಕರೆದರು. ತಾಯಿ ಕಾರ್ಡಿನಲ್ಲಿ ತಾರೀಖು ಬರೆದರು. ಎರಡನೆಯ ಡೋಸು ತಪ್ಪಿದರೆ ಮತ್ತೆ ಬಂದು ವಿಚಾರಿಸಿದರು. ವಯಸ್ಕರ ಮರುಲಸಿಕೆ ಹಳ್ಳಿಯಲ್ಲಿ ಅಸಾಧ್ಯವೆಂದು ಹೇಳುವವರಿಗೆ ಇದೇ ಸಾಕಷ್ಟು ಉತ್ತರ. ಅದು ಸಾಧ್ಯವಾಯಿತು, ಆದರೆ ವಯಸ್ಕರಲ್ಲಿ ಗರ್ಭಿಣಿಗೆ ಮಾತ್ರ ಸಾಧ್ಯವಾಯಿತು. ಅವಳ ಗಂಡನಿಗೂ ಅತ್ತೆಗೂ ಅಂತಹ ಕಾರ್ಡು ಇರಲಿಲ್ಲ. ೨೦೧೯ರ ಸುಮಾರಿನಿಂದ ಈ ಲಸಿಕೆಯಲ್ಲಿ ಗಂಟಲುಮಾರಿಯ ರಕ್ಷಣೆಯನ್ನೂ ಕೂಡಿಸಿ ‘ಟಿ.ಡಿ.’ ಎಂಬ ಹೆಸರಿನಲ್ಲಿ ಹತ್ತನೆಯ ಮತ್ತು ಹದಿನಾರನೆಯ ವಯಸ್ಸಿನಲ್ಲಿಯೂ, ಗರ್ಭಿಣಿಯರಿಗೂ ಕೊಡಲಾಗುತ್ತಿದೆ. ಹದಿನಾರು ಕಳೆದ ಗಂಡಸನ್ನು ಹೆಸರು ಹಿಡಿದು ಕರೆಯುವ ಮುಂದಿನ ತಾರೀಖೊಂದು ಈ ಪಟ್ಟಿಯಲ್ಲಿಲ್ಲ.

೭. ೨೦೨೦-೨೨ರ ಅನುಭವ

ಈ ಪರಂಪರೆಯ ಹಿನ್ನೆಲೆಯಲ್ಲಿ ಕೋವಿಡಿನ ಕಾಲವನ್ನು ಪರಿಶೀಲಿಸಬೇಕು. ಭಾರತದಲ್ಲಿ ಆ ರೋಗದಿಂದ ಸಂಭವಿಸಿದುದೆಂದು ದೃಢಪಟ್ಟ ಮೊದಲ ಮರಣವು ೨೦೨೦ರ ಮಾರ್ಚ್ ತಿಂಗಳಲ್ಲಿ ಕಲಬುರಗಿಯ ೭೬ ವರ್ಷದ ವೃದ್ಧರೊಬ್ಬರದು. ೧೮೯೭ರ ಸಾಂಕ್ರಾಮಿಕ ರೋಗಗಳ ಕಾಯಿದೆಯನ್ನು ಅದೇ ತಿಂಗಳಲ್ಲಿ ಮತ್ತೆ ಹೊರತೆಗೆಯಲಾಯಿತು. ೨೦೨೧ರ ಮಾರ್ಚ್ ೧ರಿಂದ ಲಸಿಕೆಯು ಅರುವತ್ತು ಮೀರಿದವರಿಗೂ, ಕೆಲವು ದೀರ್ಘರೋಗಗಳುಳ್ಳ ೪೫ರಿಂದ ೫೯ರ ವಯಸ್ಸಿನವರಿಗೂ ದೊರೆಯತೊಡಗಿತು. ಆ ದೀರ್ಘರೋಗಗಳ ಪಟ್ಟಿಯಲ್ಲಿ, ಚಿಕಿತ್ಸೆ ಪಡೆಯುತ್ತಿರುವ ರಕ್ತದೊತ್ತಡದೊಡನೆ ಕೂಡಿದ, ಹತ್ತು ವರ್ಷ ಮೀರಿದ ಅಥವಾ ತೊಡಕುಗಳುಳ್ಳ ಮಧುಮೇಹವೂ ಸೇರಿದ್ದಿತು. ತನಗೆ ಸಕ್ಕರೆ 

ಬೇನೆ ಇದೆಯೆಂಬುದು ವಯಸ್ಕನೊಬ್ಬನಿಗೆ ಲಸಿಕೆಯ ಸಾಲಿನಲ್ಲಿ ಮುಂದಿನ ಸ್ಥಾನವನ್ನು ಕೊಟ್ಟ ಈ ಸಂಗತಿಯನ್ನು ನಾವು ಮುಂದೆ ಮತ್ತೆ ನೆನೆಯಲಿದ್ದೇವೆ.

ಮರುಲಸಿಕೆಯು ೨೦೨೨ರ ಜನವರಿ ೧೦ರಿಂದ ಆರೋಗ್ಯ ಸಿಬ್ಬಂದಿಗೂ ವೃದ್ಧರಿಗೂ, ಏಪ್ರಿಲ್ ೧೦ರಿಂದ ಹದಿನೆಂಟು ಮೀರಿದ ಇತರರಿಗೂ ತೆರೆಯಿತು. ಇತರ ದೇಶಗಳಲ್ಲಿ ‘ಬೂಸ್ಟರ್’ ಎಂದು ಕರೆದುದನ್ನು ಇಲ್ಲಿ ‘ಮುನ್ನೆಚ್ಚರಿಕೆ ಡೋಸ್’ ಎಂದು ಕರೆಯಲಾಯಿತು. ಈ ಇತರರು ಮೊದಲು ಖಾಸಗಿ ಆಸ್ಪತ್ರೆಗಳಲ್ಲಿ ಹಣ ಕೊಟ್ಟು ಪಡೆಯಬೇಕಾಗಿದ್ದಿತು. ಜುಲೈ ೧೫ರಿಂದ ೭೫ ದಿನಗಳ ಕಾಲ ಉಚಿತವಾಗಿ ಕೊಡಲಾಯಿತು. ಪರಿಣಾಮವು ಅಂಕೆಗಳಲ್ಲಿ ಸ್ಪಷ್ಟವಾಗಿದೆ. ದೇಶದಲ್ಲಿ ಎರಡನೆಯ ಡೋಸು ಪಡೆದವರು ಸುಮಾರು ೯೫ ಕೋಟಿ. ಮುನ್ನೆಚ್ಚರಿಕೆ ಡೋಸು ಪಡೆದವರು ೨೨ ಕೋಟಿಗಿಂತ ತುಸು ಹೆಚ್ಚು. ಮೊದಲೆರಡು ಡೋಸುಗಳ ಕಾಲದಲ್ಲಿ ಭಯವಿದ್ದಿತು, ಪ್ರಯಾಣಕ್ಕೂ ಉದ್ಯೋಗಕ್ಕೂ ಪ್ರಮಾಣಪತ್ರವನ್ನು ಕೇಳುತ್ತಿದ್ದರು, ಮನೆಮನೆಗೂ ಬಂದು ಕರೆಯುತ್ತಿದ್ದರು. ಮೂರನೆಯದರ ಕಾಲಕ್ಕೆ ಭಯ ತಗ್ಗಿ, ಪ್ರಮಾಣಪತ್ರವನ್ನು ಕೇಳುವವರೂ ಕರೆಯುವವರೂ ಕಡಮೆಯಾಗಿದ್ದರು. ಜನರ ಅಜ್ಞಾನವೇ ಇದಕ್ಕೆ ಕಾರಣವೆಂದು ಹೇಳುವುದು ಅನ್ಯಾಯ. ಒಂದು ವರ್ಷ ಮೊದಲು ಎರಡು ಡೋಸುಗಳಿಗಾಗಿ ಸಾಲು ನಿಂತವರೂ ಅದೇ ಜನರು.

೮. ಸಕ್ಕರೆ ಬೇನೆ ಮತ್ತು ಪಥ್ಯದ ಪರಂಪರೆ

ಇಷ್ಟು ಸಂಗತಿಗಳಿಂದ ಒಂದು ತತ್ತ್ವವು ಹೊರಡುತ್ತದೆ. ವಯಸ್ಕರ ಮರುಲಸಿಕೆಯು ಬಾಳಿನಲ್ಲಿ ಅದಕ್ಕೊಂದು ನಿಯತ ಸಂದರ್ಭವೂ ಅದನ್ನು ಬರೆದಿಡುವ ಕಾಗದವೂ ಇದ್ದಲ್ಲಿ ಮಾತ್ರ ನಿಂತಿದೆ. ಸೈನಿಕನಿಗೆ ಸೈನ್ಯವೂ, ಹುಬ್ಬಳ್ಳಿಯ ಪ್ರಯಾಣಿಕನಿಗೆ ರೈಲೂ, ಗರ್ಭಿಣಿಗೆ ಹೆರಿಗೆಯೂ ಆ ಸಂದರ್ಭವಾದವು. ಹಜ್ ಯಾತ್ರೆಗೆ ಹೋಗುವವರು ಇಂದಿಗೂ ಮಿದುಳುಪೊರೆಯ ಜ್ವರದ ಲಸಿಕೆ ಪಡೆದೇ ಹೊರಡಬೇಕಾಗಿದೆ. ಕಾಳಗಿ ಸೀಮೆಯ ಸಾಮಾನ್ಯ ರೈತನಿಗೆ, ಕಲ್ಲುಗಣಿಯ ಕೂಲಿಗೆ, ಹೆರಿಗೆಯ ವಯಸ್ಸು ದಾಟಿದ ಹೆಂಗಸಿಗೆ ಯಾವ ಸಂದರ್ಭವಿದೆ? ಗಾಯವೊಂದೇ ಎಂದು ಇತ್ತೀಚಿನವರೆಗೂ ಉತ್ತರ ಕೊಡಬೇಕಾಗಿದ್ದಿತು.

ಈಗ ಮತ್ತೊಂದು ಸಂದರ್ಭವು ಬೇರೊಂದು ದಾರಿಯಿಂದ ಒದಗಿದೆ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯು ಕೈಗೊಂಡು ೨೦೨೩ರಲ್ಲಿ ಪ್ರಕಟವಾದ ಸಮೀಕ್ಷೆಯ ಪ್ರಕಾರ ದೇಶದ ವಯಸ್ಕರಲ್ಲಿ ಶೇಕಡಾ ೧೧.೪ರಷ್ಟು ಜನರು, ಅಂದರೆ ಹತ್ತು ಕೋಟಿಗೂ ಮಿಕ್ಕಿದವರು, ಮಧುಮೇಹಿಗಳು. ಮೂವತ್ತು ಮೀರಿದವರ ರಕ್ತದೊತ್ತಡವನ್ನೂ ಸಕ್ಕರೆಯನ್ನೂ ಪರೀಕ್ಷಿಸುವುದು ಇಂದು ಸರಕಾರದ ಕಾರ್ಯಕ್ರಮವಾಗಿದ್ದು, ಬೇನೆಯುಳ್ಳವರಿಗೆ ಪ್ರಾಥಮಿಕ ಆರೋಗ್ಯ ಕೇಂದ್ರಗಳಲ್ಲಿ ಮಾತ್ರೆಗಳನ್ನು ಉಚಿತವಾಗಿ ಕೊಡುತ್ತಾರೆ. ಮಾತ್ರೆ ತೀರಿದಾಗ ರೋಗಿಯು ಮತ್ತೆ ಬರಲೇಬೇಕು. ತಿಂಗಳು ತಿಂಗಳಿಗೂ ವಯಸ್ಕ ಗಂಡಸೂ ವಯಸ್ಸಾದ ಹೆಂಗಸೂ ತಾವಾಗಿಯೇ ಆರೋಗ್ಯ ಕೇಂದ್ರದ ಬಾಗಿಲಿಗೆ ಬಂದು, ಹೆಸರು ಬರೆಸಿ, ಪುಸ್ತಕದಲ್ಲಿ ತಾರೀಖು ಹಾಕಿಸಿಕೊಂಡು ಹೋಗುವ ರೂಢಿ ಈ ಸೀಮೆಯ ಚರಿತ್ರೆಯಲ್ಲಿ ಹೊಸದು.

ಮಧುಮೇಹಿಗೆ ಮರುಲಸಿಕೆಯ ಅಗತ್ಯವೂ ಇತರರಿಗಿಂತ ಹೆಚ್ಚು. ರಕ್ತದಲ್ಲಿ ಸಕ್ಕರೆಯು ಬಹುಕಾಲ ಮಿತಿಮೀರಿದ್ದರೆ ಸೋಂಕನ್ನು ಎದುರಿಸುವ ಮೈಯ ಶಕ್ತಿ ಕುಗ್ಗುತ್ತದೆ. ಕಾಲಿನ ನರಗಳು ಜಡವಾಗಿ, ಮುಳ್ಳು ಚುಚ್ಚಿದುದೂ ಕಲ್ಲು ಒತ್ತಿದುದೂ ತಿಳಿಯದಂತಾಗುತ್ತದೆ. ರಕ್ತಸಂಚಾರ ಮಂದವಾಗಿ ಗಾಯ ಮಾಯುವುದು ತಡವಾಗುತ್ತದೆ. ನೋವಿಲ್ಲದ ಗಾಯವು ದವಾಖಾನೆಗೆ ಕರೆದೊಯ್ಯಲಾರದು. ಗಾಯವನ್ನೇ ಮರುಲಸಿಕೆಯ ಸಂದರ್ಭವನ್ನಾಗಿ ಮಾಡಿಕೊಂಡ ನಮ್ಮ ರೂಢಿಯು, ಯಾರಿಗೆ ಅದು ಎಲ್ಲರಿಗಿಂತ ಹೆಚ್ಚು ಬೇಕಾಗಿದೆಯೋ ಅವರನ್ನೇ ಕೈಬಿಡುತ್ತದೆ. ಧನುರ್ವಾಯುವಲ್ಲದೆ ಶೀತಜ್ವರ, ನ್ಯುಮೋನಿಯ ಮುಂತಾದವುಗಳ ಲಸಿಕೆಗಳನ್ನೂ ವೈದ್ಯರು ಮಧುಮೇಹಿಗಳಿಗೆ ವಿಶೇಷವಾಗಿ ಸೂಚಿಸುತ್ತಾರೆ. ಈ ಪೈಕಿ ಟಿ.ಡಿ. ಲಸಿಕೆಯಾದರೋ ಗರ್ಭಿಣಿಯರಿಗಾಗಿ ಅದೇ ಕೇಂದ್ರದ ಶೀತಲ ಪೆಟ್ಟಿಗೆಯಲ್ಲಿ ಇರತಕ್ಕದ್ದು. ಮಾತ್ರೆ ಕೊಡುವವರು ‘ಕಡೆಯ ಟಿ.ಟಿ. ಯಾವಾಗ ಆಯಿತು?’ ಎಂದು ಕೇಳಿ, ಉತ್ತರವನ್ನು ಸಕ್ಕರೆಯ ಪುಸ್ತಕದಲ್ಲಿಯೇ ಬರೆದರೆ, ೧೮೯೮ರಲ್ಲಿ ಹುಬ್ಬಳ್ಳಿಯ ಕಾಗದವು ಮಾಡಿದ ಕೆಲಸವನ್ನು ಆ ಪುಸ್ತಕವು ಇಲ್ಲಿ ಮಾಡಬಲ್ಲುದು.

ಒಮ್ಮೆ ಮಾಡಿ ಮುಗಿಸಲಾರದ ಆರೈಕೆಯ ಭಾವನೆ ಈ ಸೀಮೆಗೆ ಪರಕೀಯವಲ್ಲ. ಸೇಡಂ ತಾಲ್ಲೂಕಿನ ಮಳಖೇಡವು ಕಾಗಿಣಾ ನದಿಯ ದಡದಲ್ಲಿ ರಾಷ್ಟ್ರಕೂಟರ ರಾಜಧಾನಿಯಾಗಿ ಮೆರೆದ ಊರು. ಅಲ್ಲಿಯ ನೃಪತುಂಗನ ಆಸ್ಥಾನದೊಡನೆ ಸಂಬಂಧ ಹೇಳಲಾಗುವ ಜೈನ ವೈದ್ಯ ಉಗ್ರಾದಿತ್ಯಾಚಾರ್ಯನು ‘ಕಲ್ಯಾಣಕಾರಕ’ವೆಂಬ ವೈದ್ಯಗ್ರಂಥವನ್ನು ಸಂಸ್ಕೃತದಲ್ಲಿ ರಚಿಸಿದನು. ಆಯುರ್ವೇದವು ಪ್ರಮೇಹಿಗೆ ಜವೆಗೋಧಿಯ ಆಹಾರವನ್ನೂ ನಡೆಯುವುದು ಅಗೆಯುವುದು ಮೊದಲಾದ ಶ್ರಮವನ್ನೂ ವಿಧಿಸಿದೆ. ಬಡವನಾದರೆ ಬಾವಿ ತೋಡಲೆಂದು ಸುಶ್ರುತನು ಹೇಳುತ್ತಾನೆ. ಒಂದು ಗುಳಿಗೆಯಿಂದ ತೀರುವ ರೋಗವಲ್ಲವೆಂದೂ, ದಿನದಿನದ ಪಥ್ಯದಿಂದ ತಡೆದಿಡಬೇಕಾದುದೆಂದೂ ಇದರ ತಾತ್ಪರ್ಯ. ೧೯೨೧ರಲ್ಲಿ ಟೊರಾಂಟೊ ನಗರದಲ್ಲಿ ಬ್ಯಾಂಟಿಂಗ್ ಮತ್ತು ಬೆಸ್ಟ್ ಇನ್ಸುಲಿನನ್ನು ಬೇರ್ಪಡಿಸಿ, ಮರುವರ್ಷ ಅದು ಚಿಕಿತ್ಸೆಗೆ ಬಂದಮೇಲೂ ಈ ಸ್ವರೂಪವು ಬದಲಾಗಲಿಲ್ಲ. ಮರುಲಸಿಕೆಯೂ ಪಥ್ಯದ ಜಾತಿಗೇ ಸೇರಿದ್ದು. ಅದರ ಅವಧಿ ಮಾತ್ರ ದಿನವಲ್ಲ, ಹತ್ತು ವರ್ಷ.

೯. ಉಪಸಂಹಾರ

ಜೆನ್ನರನ ಕಾಲದಿಂದ ಬಂದ ‘ಒಮ್ಮೆ ಹಾಕಿಸಿದರೆ ಎಂದೆಂದಿಗೂ’ ಎಂಬ ನಂಬಿಕೆಯನ್ನು ವೈದ್ಯಶಾಸ್ತ್ರವು ಸುಮಾರು ಎರಡು ಶತಮಾನಗಳ ಹಿಂದೆಯೇ ಬಿಟ್ಟಿತು. ನಮ್ಮ ಕಾರ್ಯಕ್ರಮಗಳೂ ಕಡತಗಳೂ ಅದನ್ನು ಪೂರ್ತಿಯಾಗಿ ಬಿಟ್ಟಿಲ್ಲ. ಮಗುವನ್ನೂ ತಾಯಿಯನ್ನೂ ಕರೆಯಲು ಕಲಿತಿರುವ ವ್ಯವಸ್ಥೆಯು ದುಡಿಯುವ ಮತ್ತು ಮುಪ್ಪಾದ ವಯಸ್ಕರನ್ನು ಕರೆಯಲು ಇನ್ನೂ ಕಲಿಯಬೇಕಾಗಿದೆ. ೧೯೬೨ರ ಅನಂತರದ ಅನುಭವವು ಡೋಸುಗಳನ್ನಲ್ಲದೆ ಮನುಷ್ಯರನ್ನು ಎಣಿಸಬೇಕೆಂದು ಕಲಿಸಿತು. ೨೦೨೨ರ ಅನುಭವವು ಕರೆಯುವವರಿಲ್ಲದಿದ್ದರೆ ಬರುವವರೂ ಇರುವುದಿಲ್ಲವೆಂದು ತೋರಿಸಿತು.

ಕಾಲೇಜುಗಳ ಅಧ್ಯಾಪಕರಿಗೂ ವಿದ್ಯಾರ್ಥಿಗಳಿಗೂ ಇಲ್ಲಿ ಒಂದು ಕಾರ್ಯಕ್ಷೇತ್ರವಿದೆ. ಕಾಳಗಿ ಸೀಮೆಯ ಹಿರಿಯರ ತೋಳುಗಳಲ್ಲಿ ಸಿಡುಬಿನ ದಾಕಿನ ಕಲೆಗಳು ಇನ್ನೂ ಇವೆ. ಯಾರು ಹಾಕಿದರು, ಯಾವ ವರ್ಷ, ಅನಂತರ ಎಷ್ಟು ಬಾರಿ, ಯಾವ ಹೆಸರಿನಿಂದ ಅದನ್ನು ಕರೆದರು ಎಂಬುದನ್ನು ಕೇಳಿ ಬರೆದಿಟ್ಟರೆ ಕಡತಗಳಲ್ಲಿ ಸಿಗದ ಚರಿತ್ರೆ ದೊರೆಯುತ್ತದೆ. ಆ ಪೀಳಿಗೆಯು ದಿನೇದಿನೇ ವಿರಳವಾಗುತ್ತಿದೆ. ಕೇಳುವವರು ಹಿರಿಯರಿಂದ ಬೀಳ್ಕೊಳ್ಳುವ ಮುನ್ನ, ಅವರ ಕಡೆಯ ಚುಚ್ಚುಮದ್ದು ಆಗಿ ಎಷ್ಟು ವರ್ಷಗಳಾದವೆಂಬುದನ್ನೂ ಕೇಳಿ, ಹತ್ತು ಮೀರಿದ್ದರೆ ಆರೋಗ್ಯ ಕೇಂದ್ರದ ವೈದ್ಯರನ್ನು ಕಾಣುವಂತೆ ತಿಳಿಸುವುದು ಉಚಿತ.